ಕಚ್ಚಿ ನೋಡಿದ ಗುಳಿಗೆ

ಮೊದಲು ಕೈಕೊಟ್ಟದ್ದು ಹಲ್ಲು.

ಹಲ್ಲುನೋವಲ್ಲ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಬಂದ ಭತ್ತವನ್ನು ಪರೀಕ್ಷೆ ಮಾಡುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತೇನೆ. ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ, ಒಂದು ಕಾಳನ್ನು ಮುಂಬಲ್ಲಿನಲ್ಲಿ ಕಚ್ಚುತ್ತೇನೆ. ಕಟ್ ಎಂದು ಮುರಿದರೆ ಒಣಗಿದೆ. ಮೆತ್ತಗೆ ಒತ್ತಿಕೊಂಡರೆ ತೇವ ಇದೆ. ತೇವ ಅಳೆಯುವ ಮಷಿನ್ ಬಂದು ಎಷ್ಟೋ ವರ್ಷವಾಯಿತು. ಆದರೂ ಗಿರಣಿಯ ಸಾವುಕಾರರು ಮಷಿನ್ ನೋಡಿದ ಮೇಲೆ ಒಮ್ಮೆ ನನ್ನ ಮುಖ ನೋಡುತ್ತಾರೆ. ಮೇಲೆ ಒಳ್ಳೆಯ ಭತ್ತ ಇಟ್ಟು ಅಡಿಯಲ್ಲಿ ಹಸಿ ಭತ್ತ ತುಂಬಿ ತರುವವರನ್ನು ಹಿಡಿಯುವುದೇ ನನ್ನ ಅನ್ನ. ಹೀಗಾಗಿ ಅನುಮಾನ ನನಗೆ ಕಸುಬು. ಮನೆಯಲ್ಲೂ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವನು ನಾನು. ಹೆಂಡತಿ ಪಾರ್ವತಿ ಅದಕ್ಕೂ ನಗುತ್ತಾಳೆ, ನಗುತ್ತಿದ್ದಳು.

ಒಂದು ಬೆಳಿಗ್ಗೆ ಕಾಳು ಕಚ್ಚಿದೆ. ಏನೂ ತಿಳಿಯಲಿಲ್ಲ.

ಮತ್ತೊಂದು ಕಚ್ಚಿದೆ. ಮುರಿಯಿತು. ಆದರೆ ಒಣಗಿದೆಯೋ ಹಸಿಯೋ ಎಂದು ಹೇಳಬೇಕಾದ ಆ ಒಳಗಿನ ಮನುಷ್ಯ ಎದ್ದು ಹೋಗಿದ್ದ. ಲಾರಿಯವನು ಕಾಯುತ್ತಿದ್ದ. ‘ಒಣಗೈತಿ, ಇಳಸ್ರಿ’ ಅಂದುಬಿಟ್ಟೆ. ಒಣಗಿರಲಿಲ್ಲ. ಸಾವುಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದೊಂದೇ ಕಳಚಿಕೊಂಡವು. ಊಟ ರುಚಿಸಲಿಲ್ಲ. ಸ್ನಾನಕ್ಕೆ ಏಳುವುದೆಂದರೆ ಬೆಟ್ಟ ಹತ್ತಿದಂತೆ. ಪಾರ್ವತಿ ಮಾತಾಡಿದರೆ ಶಬ್ದ ಕೇಳುತ್ತಿತ್ತು, ಅರ್ಥ ತಡವಾಗಿ ಬರುತ್ತಿತ್ತು. ದುಃಖ ಎಂದು ಜನ ಕರೆಯುವುದು ಇದಲ್ಲ. ದುಃಖಕ್ಕೆ ಕಣ್ಣೀರಾದರೂ ಬರುತ್ತದೆ.

ಬಳ್ಳಾರಿಯ ಡಾಕ್ಟರಮ್ಮ ಅದಕ್ಕೆ ಡಿಪ್ರೆಶನ್ ಎಂದರು. ಬ್ಲಡ್ ಟೆಸ್ಟ್ ಮಾಡಿಸಿದರು, ಥೈರಾಯ್ಡ್ ನೋಡಿದರು, ಎಲ್ಲ ನಾರ್ಮಲ್. ಒಂದು ಗುಳಿಗೆ ಬರೆದರು. ನಾಲ್ಕಾರು ವಾರ ಬೇಕು ಎಂದರು. ಆರು ವಾರವಾಯಿತು, ಡೋಸ್ ಏರಿತು, ಮತ್ತೆ ಆರು ವಾರವಾಯಿತು. ಬಾಯಿ ಒಣಗಿದ್ದಷ್ಟೇ ಬಂತು. ಎರಡನೆಯ ಗುಳಿಗೆ ಕೊಟ್ಟರು. ನಿದ್ದೆ ಹೆಚ್ಚಾಯಿತು, ಎಚ್ಚರವಾದರೆ ಮತ್ತದೇ ಗೋಡೆ.

‘ಸಾಯಬೇಕು ಅನ್ನೋ ವಿಚಾರ ಬರ್ತಾವೇನ್ರಿ?’ ಡಾಕ್ಟರಮ್ಮ ಪ್ರತಿ ಸಲ ಕೇಳುತ್ತಿದ್ದರು.

‘ಇಲ್ರಿ’ ಅನ್ನುತ್ತಿದ್ದೆ.

ಸುಳ್ಳು. ದಿನಾ ಬರುತ್ತಿದ್ದವು. ಆದರೆ ಇಷ್ಟು ಸಲ ಕೇಳುತ್ತಾರೆಂದರೆ ಹೇಳಿದ ಕೂಡಲೇ ಎಲ್ಲೋ ಕೂಡಿ ಹಾಕುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಮೂರನೆಯ ಗುಳಿಗೆಯ ಹೊತ್ತಿಗೆ ನನ್ನ ಅನುಮಾನಕ್ಕೆ ಒಂದು ದಾರಿ ಸಿಕ್ಕಿತು. ಅದರ ಮೊದಲ ತಿಂಗಳ ಸ್ಟ್ರಿಪ್ ನೀಲಿ ಇತ್ತು. ಎರಡನೆಯ ತಿಂಗಳು ಬಳ್ಳಾರಿ ಬ್ರೂಸ್‌ಪೇಟೆಯ ಔಷಧಿ ಅಂಗಡಿಯಲ್ಲಿ ಕೊಟ್ಟದ್ದು ಬೆಳ್ಳಿ ಬಣ್ಣದ್ದು.

‘ಇದು ಬ್ಯಾರೆ ಐತಲ್ಲ?’ ಅಂದೆ.

‘ಕಂಪನಿ ಬ್ಯಾರೆ ಅಣ್ಣಾ, ಒಳಗಿಂದು ಅದೇ ಐತಿ’ ಎಂದ ಅಂಗಡಿಯವನು, ಆಗಲೇ ಇನ್ನೊಬ್ಬರ ಚೀಟಿ ಕೈಗೆ ತೆಗೆದುಕೊಳ್ಳುತ್ತ.

ಚೀಲ ಬೇರೆ, ಭತ್ತ ಅದೇ! ಈ ಮಾತನ್ನು ನಾನು ಎಷ್ಟು ಬಾಯಿಗಳಿಂದ ಕೇಳಿಲ್ಲ! ಹಾಗೆ ಹೇಳಿದವನ ಚೀಲಕ್ಕೇ ಮೊದಲು ಕೊಳವೆ ಚುಚ್ಚುವುದು ನನ್ನ ಪದ್ಧತಿ. ಬಸ್ಸು ತೆಕ್ಕಲಕೋಟೆ ದಾಟುವ ಹೊತ್ತಿಗೆ ತಡೆಯಲಾಗಲಿಲ್ಲ. ಒಂದು ಗುಳಿಗೆ ತೆಗೆದು ಮುಂಬಲ್ಲಿಗೆ ಇಟ್ಟು ಕಚ್ಚಿದೆ. ಕಹಿ. ಹಳೆಯದೂ ಕಹಿಯಿತ್ತೋ ಇಲ್ಲವೋ, ಕಚ್ಚಿರಲಿಲ್ಲವಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಕಚ್ಚಿ, ಎರಡಾಗಿ ಮುರಿದು, ಒಳಗಿನ ಬಿಳುಪು ನೋಡಿ, ಆಮೇಲೆ ಅಗಿದು ನುಂಗುವುದು ರೂಢಿಯಾಯಿತು. ಒಂದು ತಾಸಿಗೆ ಎದೆ ಹೊಡೆದುಕೊಳ್ಳುತ್ತಿತ್ತು, ಬೆವರು ಬರುತ್ತಿತ್ತು, ತಲೆ ತಿರುಗುತ್ತಿತ್ತು. ಸಂಜೆಗೆಲ್ಲ ಖಾಲಿ. ನಕಲಿ ಮಾಲೇ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅದೇ ವಾರ ಗೋಡೆಯ ಮೊಳೆಯಲ್ಲಿ ಗೋದಾಮಿನ ಕೀಲಿ ಇರಲಿಲ್ಲ.

‘ಸಾವುಕಾರ್ರು ಇಸ್ಕೊಂಡ್ರು’ ಎಂದಳು ಪಾರ್ವತಿ, ನನ್ನ ಮುಖ ನೋಡದೆ. ‘ನೀವು ಸ್ವಲ್ಪ ದಿನ ಆರಾಮ ಮಾಡ್ರಿ. ಕುರುಗೋಡಿಗೆ ಹೋಗಾಮು.’

ಅಂದರೆ ನನ್ನ ಕೆಲಸ ಹೋಯಿತು. ಇಪ್ಪತ್ತೆರಡು ವರ್ಷದ ಕೆಲಸ. ನಾನು ಏನೂ ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾಳೆಂಬ ಭಯ.

ಕುರುಗೋಡಿನಲ್ಲಿ ಪಾರ್ವತಿಯ ತಮ್ಮ ಬಸವರಾಜನ ಮನೆ. ಒಳ್ಳೆಯ ಹುಡುಗ, ಆದರೆ ಮನಸ್ಸಿನ ಕಾಯಿಲೆಗೆಲ್ಲ ನಡಿಗೆಯೇ ಮದ್ದು ಎಂದು ನಂಬಿದವನು. ದಿನಾ ಬೆಳಿಗ್ಗೆ ಗುಡ್ಡದ ಬುಡದವರೆಗೆ ನಡೆಸುತ್ತಿದ್ದ. ‘ಮಾಮಾ, ಮನಸ್ಸು ಗಟ್ಟಿ ಮಾಡ್ಕೋರಿ’ ಅನ್ನುತ್ತಿದ್ದ. ಸುತ್ತ ಅಷ್ಟೊಂದು ಬಂಡೆ ಇದ್ದವು. ಗಟ್ಟಿಯಾಗುವುದೇ ಗುಣವಾಗುವುದಾದರೆ ಅವುಗಳಷ್ಟು ಆರೋಗ್ಯವಂತರು ಯಾರೂ ಇರಲಿಲ್ಲ. ಇದನ್ನು ಹೇಳಿ ನಗಬೇಕೆನಿಸಿತು. ಅಷ್ಟು ದೂರ ನಗು ಬರಲಿಲ್ಲ.

ನಾನು ಒಬ್ಬನೇ ಎಲ್ಲಿ ಹೋದರೂ ಹಿಂದೆ ಯಾರಾದರೂ ಬರುತ್ತಿದ್ದರು. ಬಚ್ಚಲ ಬಾಗಿಲಿನ ಚಿಲಕ ಮಾಯವಾಗಿತ್ತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾರ್ವತಿ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿತು.

‘ಇನ್ನಾ ಕೊಡಬ್ಯಾಡ್ರಿ ಸಾವುಕಾರ್ರ. ಅವ್ರು ಬಂದು ಕೇಳಿದ್ರೂ ಕೊಡಬ್ಯಾಡ್ರಿ.’

ನನ್ನ ಹೆಂಡತಿಯೇ.

ಇಪ್ಪತ್ತು ವರ್ಷ ಒಂದೇ ತಟ್ಟೆಯ ರೊಟ್ಟಿ ಮುರಿದವಳು ನನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾಳೆ. ಬೇರೆ ಯಾರನ್ನು ಬೇಕಾದರೂ ಅನುಮಾನಿಸಿ ಬದುಕಬಹುದು ಎಂದುಕೊಂಡಿದ್ದೆ. ಇವಳನ್ನು ಅನುಮಾನಿಸಿದ ಮೇಲೆ ನಿಲ್ಲುವುದಕ್ಕೆ ನೆಲವೇ ಉಳಿಯಲಿಲ್ಲ.

ಮುಂದಿನ ಸಲ ಬಳ್ಳಾರಿಗೆ ಹೋದಾಗ ಎಲ್ಲವನ್ನೂ ಡಾಕ್ಟರಮ್ಮನ ಟೇಬಲ್ಲಿನ ಮೇಲೆ ಸುರಿದೆ. ಬೆಳ್ಳಿ ಸ್ಟ್ರಿಪ್ ಮುಂದಿಟ್ಟೆ.

‘ಇದು ಡೂಪ್ಲಿಕೇಟ್ ಮಾಲ್ರಿ. ನಾನು ಕಚ್ಚಿ ನೋಡೀನಿ.’

ಅವರು ಬರೆಯುವುದನ್ನು ನಿಲ್ಲಿಸಿದರು. ‘ಕಚ್ಚಿ? ಹೆಂಗ ತಗೋತೀರಿ, ಒಂದು ಸಲ ತೋರಿಸ್ರಿ.’

ತೋರಿಸಿದೆ. ಮುಂಬಲ್ಲು, ಕಟ್, ಎರಡು ಹೋಳು.

‘ಎಷ್ಟು ದಿನದಿಂದ?’

‘ಎರಡು ತಿಂಗಳು ಆತ್ರಿ. ಇವರು ಎಲ್ಲಾ ಕಚ್ಚೇ ನೋಡೋದು ಮೇಡಂ’ ಎಂದಳು ಪಾರ್ವತಿ, ನಾಚಿಕೊಂಡು. ‘ಭತ್ತ ಕಚ್ಚಿ ಕಚ್ಚಿ ರೂಢಿ.’

ಡಾಕ್ಟರಮ್ಮ ನಗಲಿಲ್ಲ. ಸ್ಟ್ರಿಪ್ಪಿನ ಮೇಲೆ ಹೆಸರಿನ ಪಕ್ಕದ ಎರಡು ಅಕ್ಷರಗಳನ್ನು ಪೆನ್ನಿನಿಂದ ತೋರಿಸಿದರು. ಈ ಗುಳಿಗೆ ಇಡೀ ದಿನ ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಬೇಕು. ಅದರ ಕವಚ ಒಡೆದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಇಳಿಯುತ್ತದೆ. ಎದೆ ಹೊಡೆದುಕೊಂಡದ್ದು ಅದಕ್ಕೇ. ಇಡಿಯಾಗಿ ನುಂಗಿ ಎಂದು ನಾನೇ ಬಿಡಿಸಿ ಹೇಳಬೇಕಿತ್ತು, ಹೇಳದ್ದು ನನ್ನ ತಪ್ಪು ಎಂದರು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು.

‘ಹಂಗಾರ ಇಷ್ಟು ದಿನ ಆರಾಮ ಆಗಲಾರದ್ದು ನನ್ನಿಂದನಾ?’

‘ಹಂಗಲ್ರಿ. ಮೊದಲಿನ ಎರಡನ್ನ ನೀವು ಸರಿಯಾಗೇ ತಗೊಂಡಿದ್ರಿ. ಅವು ನಿಮಗ ಹಿಡಿಸಲಿಲ್ಲ, ಅಷ್ಟ. ಬಾಳ ಮಂದಿಗೆ ಹಿಂಗಾಗ್ತೈತಿ. ಇದನ್ನ ಇನ್ನೂ ನಾವು ಪೂರ್ತಿ ನೋಡೇ ಇಲ್ಲ.’

ಮಾಲು ಸರಿಯಿತ್ತು, ಪರೀಕ್ಷೆ ಮಾಡಿದವನು ಕೆಡಿಸಿದ್ದ. ತಲೆ ತಗ್ಗಿಸಿ ಕೂತವನು ಸಿಟ್ಟಿಗೆ ಬಂದು ಉಳಿದ ದೂರನ್ನೂ ಹೇಳಿಬಿಟ್ಟೆ.

‘ಗುಳಿಗಿ ಬಿಡ್ರಿ. ಈಕಿ ನನ್ನ ಗೋದಾಮಿನ ಕೀಲಿ ಕಸ್ಕೊಂಡಾಳ. ಸಾವುಕಾರ್ರ ಜೊತಿ ಸೇರಿ ನನ್ನ ಕೆಲಸ ತೆಗಿಸ್ಯಾಳ.’

ಡಾಕ್ಟರಮ್ಮ ಪಾರ್ವತಿಯ ಕಡೆ ತಿರುಗಿದರು. ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

‘ಮೇಡಂ, ಒಂದಿನ ಬುತ್ತಿ ಕೊಡಾಕ ಗಿರಣಿಗೆ ಹೋಗಿದ್ದೆ. ಇವ್ರು ಗೋದಾಮಿನ್ಯಾಗ ಒಬ್ರ ನಿಂತಿದ್ರು. ಚೀಲಕ್ಕ ಹುಳ ಬೀಳಬಾರದಂತ ಹಾಕೋ ಔಷಧಿ ಬೀರು ಐತಲ್ರಿ, ಅದರ ಬಾಗಿಲ ತೆಗೆದಿತ್ತು. ಬಾಳ ಹೊತ್ತು ಹಂಗ ನಿಂತಿದ್ರು. ನಾನು ಕರೆದ್ರೂ ಕೇಳಿಸಲಿಲ್ಲ. ಆಮ್ಯಾಲೆ ಚೀಲ ಮುಚ್ಚೋ ತಾಡಪಾಲು ಹುಡುಕಾಕತ್ತಿದ್ದೆ ಅಂದ್ರು. ಅವತ್ತೇ ನಾನೇ ಕೀಲಿ ಒಯ್ದು ಸಾವುಕಾರ್ರಿಗೆ ಕೊಟ್ಟೆ. ಕೆಲಸ ಎಲ್ಲಿಗೂ ಹೋಗಿಲ್ಲ. ಅವ್ರು ಕಾಯಾಕತ್ತ್ಯಾರ.’

ನಾನು ತಾಡಪಾಲು ಹುಡುಕುತ್ತಿರಲಿಲ್ಲ.

ಆ ಕೋಣೆಯಲ್ಲಿ ಅದನ್ನು ಮೊದಲ ಸಲ ಬಾಯಿ ಬಿಟ್ಟು ಹೇಳಿದೆ. ಹೇಳುವಾಗ ಅತ್ತೆ. ತಿಂಗಳುಗಟ್ಟಲೆ ಬಾರದ ಕಣ್ಣೀರು. ಪಾರ್ವತಿ ಅಳಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕಳ್ಳಿಯ ಹಾಗೆ ನನ್ನ ಕಣ್ಣಲ್ಲಿ ಕಣ್ಣಿಡದೆ ಅಷ್ಟು ದಿನ ಓಡಾಡಿದ್ದಳು. ಡಾಕ್ಟರಮ್ಮ ನನ್ನನ್ನು ಎಲ್ಲೂ ಕೂಡಿ ಹಾಕಲಿಲ್ಲ. ಮನೆಯವರು ಒಬ್ಬನೇ ಬಿಡಬಾರದು, ವಾರಕ್ಕೊಮ್ಮೆ ಬರಬೇಕು, ವಿಚಾರ ಜಾಸ್ತಿಯಾದರೆ ಆ ಗಳಿಗೆಯಲ್ಲೇ ಫೋನ್ ಮಾಡಬೇಕು ಎಂದರು. ಪಕ್ಕದ ಕೋಣೆಯ ಕೌನ್ಸೆಲರ್ ಹತ್ತಿರವೂ ಕೂರಿಸಿದರು.

ಗುಳಿಗೆಯನ್ನು ಇಡಿಯಾಗಿ ನುಂಗತೊಡಗಿದೆ. ಸುಲಭವಾಗಿರಲಿಲ್ಲ, ನಾಲಿಗೆ ತಾನಾಗಿ ಅದನ್ನು ಹಲ್ಲಿಗೆ ಒಯ್ಯುತ್ತಿತ್ತು. ಪಾರ್ವತಿ ಎದುರು ಕೂತು ‘ಬಾಯಿ ತೆಗೀರಿ’ ಅನ್ನುತ್ತಿದ್ದಳು. ಕಚ್ಚಿಲ್ಲ ಎಂದು ಖಾತ್ರಿಯಾದ ಮೇಲೆ ಚಹಾ. ಮೂರನೆಯ ಗುಳಿಗೆಯಿಂದ ಅರ್ಧ ದಾರಿ ಬಂತು. ಉಳಿದರ್ಧಕ್ಕೆ ಇನ್ನೊಂದು ಚಿಕ್ಕ ಗುಳಿಗೆ ಸೇರಿಸಿದರು. ಒಂದು ದಿನ ಬಸವರಾಜನ ಹೆಂಡತಿ ಮಾಡಿದ ಸಾರಿಗೆ ಉಪ್ಪು ಕಡಿಮೆ ಎನಿಸಿತು. ‘ಉಪ್ಪು ಕಡಿಮಿ ಐತಿ’ ಅಂದೆ. ಪಂಕ್ತಿಯಲ್ಲಿ ಎಲ್ಲರೂ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ಇಷ್ಟು ಖುಷಿಯಿಂದ ದೂರು ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ.

ಪೂರ್ತಿ ಗುಣವಾಗಿದ್ದೇನೆ ಎನ್ನಲಾರೆ. ಒಳ್ಳೆಯ ದಿನ ಬಂದರೆ ಅದರ ಅಡಿಯಲ್ಲಿ ಏನಿದೆಯೋ ಎಂದು ಈಗಲೂ ಚುಚ್ಚಿ ನೋಡುತ್ತೇನೆ. ಕೆಲವು ದಿನ ಹಸಿಯೇ ಇರುತ್ತದೆ. ಆಗ ಪಾರ್ವತಿಗೆ ಹೇಳುತ್ತೇನೆ. ಹೊಸದಾಗಿ ಕಲಿತದ್ದು ಅಷ್ಟೇ.

ಹೋದ ತಿಂಗಳು ಡಾಕ್ಟರಮ್ಮ ಒಪ್ಪಿದ ಮೇಲೆ ಗಿರಣಿಗೆ ಮರಳಿದೆ. ಮೊದಲ ಲಾರಿಯ ಕಾಳು ಕಚ್ಚಿದೆ. ಮೆತ್ತಗೆ ಒತ್ತಿಕೊಂಡಿತು. ‘ತೇವ ಐತ್ರಿ’ ಅಂದೆ. ಸಾವುಕಾರರು ಮಷಿನ್ ನೋಡಿದರು, ನನ್ನ ಮುಖ ನೋಡಿದರು, ಮೇಜಿನ ಡ್ರಾಯರ್ ಎಳೆದು ಗೋದಾಮಿನ ಕೀಲಿ ಮುಂದಿಟ್ಟರು.

ಮಧ್ಯಾಹ್ನ ಪಾರ್ವತಿ ಬುತ್ತಿ ತಂದಳು. ಕೀಲಿಯನ್ನು ಅವಳ ಕೈಯಲ್ಲಿಟ್ಟೆ.

‘ಇದನ್ನ ನೀನ ಇಸ್ಕೋ. ಊಟ ಆದ ಮ್ಯಾಲೆ ಹಮಾಲರ ಮುಖ್ಯಸ್ಥಗ ಕೊಡು, ಗೋದಾಮು ಅವನ ತೆಗೀಲಿ. ನನಗ ಬ್ಯಾಡ, ಈಗ.’

ಅವಳು ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು.

‘ಇನ್ನೊಂದು ಐತೇನ್ರಿ?’

ಇತ್ತು. ಒಂದೇ ಕೀಲಿಯನ್ನು ನಂಬಿ ಯಾವ ಬೀಗವನ್ನೂ ಹಾಕಿದವನಲ್ಲ ನಾನು. ಕುರುಗೋಡಿನಲ್ಲಿದ್ದ ಅಷ್ಟೂ ದಿನ ಅದು ನನ್ನ ಅಂಗಿಯ ಒಳಜೇಬಿನಲ್ಲೇ ಇತ್ತು.

ತೆಗೆದು ಅದನ್ನೂ ಕೊಟ್ಟೆ. ಅವಳು ಎರಡನ್ನೂ ಸೆರಗಿನ ತುದಿಗೆ ಕಟ್ಟಿ ಗಂಟನ್ನು ಮೂರು ಸಲ ಜಗ್ಗಿ ನೋಡಿದಳು. ಆಮೇಲೆ ಬುತ್ತಿ ಬಿಚ್ಚಿದಳು, ಇಬ್ಬರೂ ಊಟಕ್ಕೆ ಕೂತೆವು.