ನೆಲ ಹಾಸುವ ಕೆಲಸವೊಂದೇ

ವಾಸ್ಕೋದ ನಾಕಾದಲ್ಲಿ, ಅಂದರೆ ಕೂಡುರಸ್ತೆಯಲ್ಲಿ, ಬೆಳಿಗ್ಗೆ ಕೂಲಿಗೆಂದು ನಿಲ್ಲುವವರೆಲ್ಲ ಒಂದೇ ಸುಳ್ಳು ಹೇಳುತ್ತಿದ್ದೆವು. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಬಂದು "ಏನೇನ್ ಕೆಲಸ ಬರ್ತೈತಿ?" ಅಂದರೆ "ಎಲ್ಲಾ ಬರ್ತೈತ್ರಿ" ಅನ್ನುವುದು. ಗೋಡೆಯ ಗಿಲಾವು, ಬಣ್ಣ, ನಳದ ಪೈಪು, ಟೈಲ್ಸು, ಎಲ್ಲ. ಬರುವುದಿಲ್ಲ ಅಂದವನಿಗೆ ಅವತ್ತು ಕೆಲಸವಿಲ್ಲ. ಗೋವೆಗೆ ಬಂದ ಮೇಲೆ ನಾನೂ ಐದಾರು ವರ್ಷ ಹಾಗೇ ಹೇಳಿದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಮಡಗಾಂವಿನ ಒಂದು ಮನೆಯಲ್ಲಿ ಮೇಲೆ ಬಣ್ಣ, ಕೆಳಗೆ ಬಚ್ಚಲು, ಎರಡನ್ನೂ ಒಟ್ಟಿಗೇ ಹಿಡಿದಿದ್ದೆ. ಬಣ್ಣದ ಅವಸರದಲ್ಲಿ ಬಚ್ಚಲ ನೆಲದ ಇಳಿಜಾರನ್ನು ಕಣ್ಣಳತೆಯಲ್ಲೇ ಮುಗಿಸಿದೆ. ವಾರದ ಮೇಲೆ ಮನೆಯ ಹಿರಿಯ ಹೆಂಗಸು ಹೇಳಿ ಕಳಿಸಿದರು. ಬೈಯಲಿಲ್ಲ. ಒಂದು ಬಕೆಟ್ ನೀರು ಸುರಿದು "ಪಳೆ" ಅಂದರು, ಕೊಂಕಣಿಯಲ್ಲಿ ನೋಡು ಅಂತ. ನೀರು ಮೋರಿಯ ಕಡೆ ಹೋಗದೆ ಬಾಗಿಲಲ್ಲಿ ನಿಂತಿದ್ದ ನನ್ನ ಕಾಲಬುಡಕ್ಕೆ ಬಂತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಪೂರಾ ಒಡೆದು ಮತ್ತೆ ಹಾಸಿಕೊಟ್ಟೆ. ಯಾವಾಗಲೂ ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಹೆಂಡತಿ ಅವತ್ತಿಡೀ ಮತ್ತೆ ಗಾರೆ ಕಲಸಿ ಕೊಟ್ಟಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದೇ ಸಿಟ್ಟಿನಲ್ಲಿ, ಇನ್ನು ಮೇಲೆ ನೆಲ ಬಿಟ್ಟು ಬೇರೆ ಕೆಲಸ ಮುಟ್ಟುವುದಿಲ್ಲ ಅಂದೆ.

"ಚಲೋ ಆತು ಬಿಡ್ರಿ," ಅಂದಳು. "ಆದ್ರ ಮಳಿ ಹತ್ತಿರ ಬಂತು. ಯಾರ್ ಕರೀತಾರ ನಮ್ಮನ್ನ?"

ಮರುದಿನ ನಾಕಾದಲ್ಲಿ "ನೆಲದ ಕೆಲಸ ಅಷ್ಟ ಬರ್ತೈತ್ರಿ" ಅಂದದ್ದಕ್ಕೆ ನಮ್ಮ ಕಡೆಯವರೇ ನಕ್ಕರು. "ನೋಡ್ರಲೇ, ಇಂಜಿನಿಯರ್ ಸಾಹೇಬ್ರು ಬಂದಾರ!" ಎರಡು ವಾರ ಯಾರೂ ಕರೆಯಲಿಲ್ಲ. ಕಟ್ಟಿಕೊಂಡು ಹೋದ ರೊಟ್ಟಿಯನ್ನು ರೂಮಿಗೆ ತಂದು ತಿನ್ನುತ್ತಿದ್ದೆವು. ಇನ್ನೊಂದು ವಾರ ಹೀಗೇ ಆದರೆ ರೂಮು ಖಾಲಿ ಮಾಡಿ ಊರ ಬಸ್ಸು ಹತ್ತುವುದೇ. ಮೇಲೆ ಜಂಬ ತೋರಿಸುತ್ತಿದ್ದರೂ ಒಳಗೆ ನನಗೆ ಭಯ ಹುಟ್ಟಿತ್ತು.

ಕೊನೆಗೆ ಒಬ್ಬ ಮುಕಾದಮ ಹೊಸ ಮನೆಯೊಂದರ ಕೆಳಮಹಡಿಯ ನೆಲದ ಕೆಲಸ ಕೊಟ್ಟ, ಅದೂ ಬೇರೆ ಯಾರೂ ಸಿಗದ್ದಕ್ಕೆ. ಇಷ್ಟು ಸಾವಕಾಶವಾಗಿ ನಾನು ಎಂದೂ ಕೆಲಸ ಮಾಡಿರಲಿಲ್ಲ. ನೀರು ತುಂಬಿದ ಪೈಪು ಹಿಡಿದು ಮೂಲೆಮೂಲೆಯ ಮಟ್ಟ ನೋಡಿದೆ. ಮುಗಿದ ಮೇಲೆ ನಾಣ್ಯದಿಂದ ಒಂದೊಂದೇ ಕಲ್ಲು ಕುಟ್ಟುತ್ತ ಬಂದೆ. ಅಡಿಯಲ್ಲಿ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಪೊಳ್ಳು. ಆಚೆ ತುದಿಯಿಂದ ಹೆಂಡತಿಯೂ ಕುಟ್ಟುತ್ತಿದ್ದಳು. ನಾನು ಆಗಲೇ ಸರಿ ಅಂದು ಬಿಟ್ಟಿದ್ದ ಕಲ್ಲೊಂದರ ಮೇಲೆ ಅವಳ ಕೈ ನಿಂತಿತು.

"ರೀ, ಇಲ್ಲೆ ಕೇಳ್ರಿ."

ಕೇಳಿದೆ. ಪೊಳ್ಳೇ.

ಮಾಲೀಕರು ಬರುವ ಹೊತ್ತು. ಮುಕಾದಮನಿಗೆ ತಲೆಬಿಸಿ. "ಬಿಡ ಯವ್ವಾ, ಒಂದ ಕಲ್ಲು! ಮ್ಯಾಲ ಕಪಾಟು ಬರ್ತೈತಿ, ಯಾರ್ ನೋಡ್ತಾರ? ಈಗ ನೆಲ ಒಡದ್ರ ನಾಳಿಂದ ನನ್ನ ಕಡೆ ಬರಬ್ಯಾಡ್ರಿ."

ಸುಳ್ಳು ಯಾಕೆ, ಬಿಟ್ಟುಬಿಡೋಣ ಅಂತಲೇ ನನಗೂ ಅನಿಸಿತ್ತು. ಮುಕಾದಮನೆದುರು ಎಂದೂ ಬಾಯಿ ತೆರೆಯದ ನನ್ನ ಹೆಂಡತಿ, ಸಿಮೆಂಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದು ನಿಂತಳು.

"ಅಣ್ಣಾರ, ನಮಗ ಬರೂದ ಇದೊಂದ ಕೆಲಸ. ಇದನ್ನೂ ಪೊಳ್ಳ ಬಿಟ್ರ ನಮ್ಮ ಕಡೆ ಏನ್ ಉಳೀತೈತ್ರಿ?"

ಮುಕಾದಮ ಸಿಮೆಂಟ್ ಚೀಲದ ಮೇಲೆ ಕೂತ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ನಾನು ಮತ್ತೆಂದೂ ಪಟ್ಟಿಲ್ಲ. ಅವಳೇ ಉಳಿ ತಂದು ನನ್ನ ಕೈಗಿಟ್ಟಳು.

ಮಾಲೀಕರು ಬಂದಾಗ ನಾನು ಮೊಣಕಾಲೂರಿ ಕಲ್ಲು ಎಬ್ಬಿಸುತ್ತಿದ್ದೆ. ಯಾಕೆ ಅಂತ ಕೇಳಿದರು. ಪೊಳ್ಳು ಕಲ್ಲು ಹಿಡಿದದ್ದು ಹೆಂಡತಿ ಅಂತ ಇದ್ದದ್ದು ಹೇಳಿದೆ. ಅವರು ಬಗ್ಗಿ ಪಕ್ಕದ ಕಲ್ಲೊಂದನ್ನು ಕುಟ್ಟಿ ನೋಡಿದರು. ಮೇಲಿನ ಎರಡು ಮಹಡಿಯ ನೆಲವನ್ನೂ ನೀವೇ ಹಾಸಬೇಕು ಅಂದರು. ಆ ಮಾತನ್ನು ಅವರು ನನ್ನ ಹೆಂಡತಿಯ ಮುಖ ನೋಡಿ ಹೇಳಿದರು.