ಹನ್ನೊಂದನೇ ಕಾಲಂ

ಕ್ಷಮೆ ಮನುಷ್ಯನ ಅತ್ಯುನ್ನತ ಗುಣ. ವಿನೋಬನಗರದ ನಮ್ಮ ಶಾಲಾ ಸಮಿತಿಯ ಅಜೆಂಡಾಕ್ಕೆ ಅದು ಬರಲು ಎಂಟು ವರ್ಷ ಹಿಡಿಯಿತು, ಅದೂ ‘ಇತರೆ ವಿಷಯಗಳು’ ಅನ್ನುವುದರ ಕೆಳಗೆ.

ಕಳೆದ ತಿಂಗಳು ನವುಲೆಯ ಗ್ಯಾರೇಜೊಂದರಲ್ಲಿ ಸ್ಕೂಟರ್ ರಿಪೇರಿಗೆ ಬಿಟ್ಟು ಕೂತಿದ್ದೆ. ಗ್ರೀಸು, ಸೀಮೆಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿಯಿತು. ನಮ್ಮ ಶಾಲೆಯ ವ್ಯಾನ್ ಡ್ರೈವರ್ ನೆನಪಾದರು. ಎಷ್ಟು ಸೋಪು ಹಚ್ಚಿದರೂ ಅವರ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ…

ಭದ್ರಾವತಿಯವರು. ಕಾರ್ಖಾನೆಯ ಕೆಲಸ ಹೋದ ಮೇಲೆ ನಮ್ಮ ವ್ಯಾನ್ ಹಿಡಿದರು. ಒಂಬತ್ತು ವರ್ಷ ಓಡಿಸಿದರು. ಶಾಲೆಯ ಗೇಟಿನ ಕಂಬಕ್ಕೂ ತಾಗಿಸಲಿಲ್ಲ. ಆ ಗೌರವ ಅಧ್ಯಕ್ಷರ ಕಾರಿಗೇ ಮೀಸಲಾಗಿತ್ತು. ಆಮೇಲೆ ಸಿಬ್ಬಂದಿಗೆಲ್ಲ ಹೊಸ ಫಾರಂ ಬಂತು. ಹನ್ನೊಂದನೇ ಕಾಲಂ: ‘ಎಂದಾದರೂ ಶಿಕ್ಷೆಯಾಗಿದೆಯೇ?’ ಉಳಿದವರು ‘ಇಲ್ಲ’ ಎಂದು ಬರೆದು ಟೀ ಕುಡಿಯಲು ಹೋದರು. ಇವರು ಬರೆದರು: ‘ಹೌದು. ಇಪ್ಪತ್ತೆರಡನೇ ವಯಸ್ಸಿನಲ್ಲಿ. ಸೂಪರ್‌ವೈಸರಿಗೆ ಟಿಫಿನ್ ಕ್ಯಾರಿಯರ್‌ನಿಂದ ಹೊಡೆದದ್ದಕ್ಕೆ ಮೂರು ತಿಂಗಳು.’

ಆಗ ನಾನು ಸಮಿತಿಯ ಕಾರ್ಯದರ್ಶಿ. ಕರೆಸಿ ಕೇಳಿದೆ: “ಮೂವತ್ತು ವರ್ಷದ ಹಳೇ ಕಥೆ, ಯಾರು ಕೇಳಿದ್ರು ಮಾರಾಯ?”

“ನೀವೇ ಕೇಳಿದ್ರಲ್ಲ ಸಾರ್, ಹನ್ನೊಂದರಲ್ಲಿ.”

ಕಾರ್ಖಾನೆಯ ಅಭ್ಯಾಸ ಅದು. ಶಿಫ್ಟ್ ಬಿಡುವಾಗ ಮೆಷಿನ್ನಿನ ದೋಷವನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು. ಮುಚ್ಚಿಟ್ಟರೆ ಮುಂದಿನ ಶಿಫ್ಟಿನವನ ಕೈ ಹೋಗುತ್ತದೆ.

“ರಿಪೇರಿ ಆದ್ಮೇಲೆ ಅದರ ಮೇಲೆ ಗೆರೆ ಎಳೆದು ಸೈನ್ ಹಾಕ್ತಿದ್ವಿ,” ಅಂದರು. “ನಿಮ್ಮ ಫಾರಂನಲ್ಲಿ ಗೆರೆ ಎಳೆಯೋ ಜಾಗ ಎಲ್ಲಿದೆ, ತೋರ್ಸಿ.”

ಬೇರೆ ಫಾರಂ ಕೊಡ್ತೀನಿ, ‘ಇಲ್ಲ’ ಅಂತ ಬರೀರಿ ಅಂದೆ. “ಸುಳ್ಳು ಬರ್ಕೊಟ್ಟು ಮಕ್ಕಳನ್ನ ಹತ್ತಿಸ್ಕೊಳ್ಳಲ್ಲ ಸಾರ್.” ಸಮಿತಿ ಗಂಭೀರವಾಗಿ ಸೇರಿ, ಬಿಸ್ಕತ್ತು ತಿಂದು, ಅವರನ್ನು ತೆಗೆದುಹಾಕಿತು. ಆದೇಶಕ್ಕೆ ಸಹಿ ಹಾಕಿದ್ದು ನಾನು. ಆಮೇಲೆ ಅವರು ಹೋದಲ್ಲೆಲ್ಲ ಅದೇ ಕಾಲಂ, ಅದೇ ಉತ್ತರ… ಕೊನೆಗೆ ಭದ್ರಾವತಿಯಲ್ಲಿ ಪಂಕ್ಚರ್ ಹಾಕುತ್ತಿದ್ದಾರೆ ಎಂದು ಕೇಳಿದೆ. ಹೋಗಿ ನೋಡಲು ನನಗೆ ಮುಖವಿರಲಿಲ್ಲ.

ಗ್ಯಾರೇಜಿನಿಂದ ಬಂದವನೇ ಸಮಿತಿಗೆ ಪತ್ರ ಬರೆದೆ. ಮಕ್ಕಳಿಗೆ ಕೇಡು ಮಾಡಿದವರನ್ನು ಎಷ್ಟು ವರ್ಷವಾದರೂ ಕೇಳಿ. ಉಳಿದವರ ಹತ್ತು ವರ್ಷಕ್ಕಿಂತ ಹಳೆಯ ಶಿಕ್ಷೆ ಕೇಳಕೂಡದು. ನ್ಯಾಯಾಧೀಶರು ಕೊಟ್ಟ ಮೂರು ತಿಂಗಳನ್ನು ಜೀವಾವಧಿ ಮಾಡಲು ಬಿಸ್ಕತ್ತು ತಿನ್ನುವ ಏಳು ಜನಕ್ಕೆ ಅಧಿಕಾರವಿಲ್ಲ.

“ಶಾಲೆ ಹೆಸರು ಏನಾಗ್ಬೇಕು?” ಅಂದರು ಅಧ್ಯಕ್ಷರು, ಸಭೆಯಲ್ಲಿ.

“ಎಂಟು ವರ್ಷದ ಹಿಂದೆ ಏನಾಯ್ತೋ ಅದಕ್ಕಿಂತ ಕೆಟ್ಟದ್ದೇನೂ ಆಗಲ್ಲ. ಮತಕ್ಕೆ ಹಾಕಿ,” ಅಂದೆ.

ಮೂರರ ವಿರುದ್ಧ ನಾಲ್ಕು ಮತಗಳಿಂದ ಕಾಲಂ ಬದಲಾಯಿತು. ಡ್ರೈವರ್ ತೀರಿಕೊಂಡು ಎರಡು ವರ್ಷವಾಗಿತ್ತು.