ಏಳು ಗುಲಗಂಜಿ ಮದ್ದು

ಸವಣೂರಿನ ಕಲಾಯಿ ಮಕ್ತುಮಸಾಬ ಜೀವಮಾನದಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. ಆದರೆ ಗುಂಡಿನ ಸದ್ದು ಕೇಳುವ ಚಟ ಅವನಿಗಿತ್ತು. ಚಟ ಹತ್ತಿಸಿದವರು ಹಿರೇಬೆಂಡಿಗೇರಿಯ ಪರಮೇಶ್ವರಪ್ಪಗೌಡರು. ಗೌಡರ ಹತ್ತಿರ ಲೈಸೆನ್ಸ್ ಇದ್ದ ವಿಲಾಯತಿ ರಿವಾಲ್ವರ್ ಇತ್ತು. ಅದರ ನಳಿಗೆಯಲ್ಲಿ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ, ನಾಷ್ಟಾ ಮಾಡಿ, ಕೆರೆ ಏರಿಯ ಬುಡಕ್ಕೆ ಒಡಕು ಗಡಿಗೆಗಳನ್ನು ಇಡಿಸಿ ಹೊಡೆಯುತ್ತಿದ್ದರು. ಬೇಟೆಯಿಲ್ಲ, ವೈರಿಗಳಿಲ್ಲ. ಗಡಿಗೆಗಳ ಮೇಲೆ ಗೌಡರಿಗೇನು ಸಿಟ್ಟೋ ಊರಿಗೆ ತಿಳಿಯಲೇ ಇಲ್ಲ.

ಯುದ್ಧ ಶುರುವಾದ ಮೇಲೆ ಹುಬ್ಬಳ್ಳಿಯ ಅಂಗಡಿಗೆ ಕಾಡತೂಸು ಬರುವುದು ನಿಂತಿತು. ಗೌಡರು ಎರಡು ಸೋಮವಾರ ಸುಮ್ಮನೆ ಕುಳಿತರು. ಮೂರನೆಯ ಸೋಮವಾರ ಜ್ವರ ಬಂತು. ಪಾತ್ರೆಗಳಿಗೆ ಕಲಾಯಿ ಮಾಡಲು ಬಂದಿದ್ದ ಮಕ್ತುಮಸಾಬ ಖಾಲಿ ಕಾಡತೂಸಿನ ಹಿತ್ತಾಳೆ ಕೊಳವೆಯೊಂದನ್ನು ತಿರುಗಿಸಿ ನೋಡಿ, ಇದನ್ನು ಮತ್ತೆ ತುಂಬಬಹುದಲ್ಲ ಎಂದ. ಜ್ವರ ಇಳಿಯಿತು.

ಅಂದಿನಿಂದ ಅವನು ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುವನು. ಮದ್ದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಏಳು ಗುಲಗಂಜಿ ಇಟ್ಟು ತೂಗುವನು. ಆರಲ್ಲ, ಎಂಟಲ್ಲ, ಏಳು. ಕೊನೆಗೆ ಗುಂಡಿನ ಸುತ್ತ ಜೇನುಮೇಣ ಸವರಿ, ಒಳಗೆ ತೇವ ಇಳಿಯದಂತೆ ಮುಚ್ಚುವನು. ಸೋಮವಾರ ಗೌಡರ ಹಿಂದೆ ಕಣ್ಣು ಮುಚ್ಚಿ ನಿಲ್ಲುವನು. ಗಡಿಗೆ ಒಡೆಯಿತೋ ಬಿಟ್ಟಿತೋ ಅದು ಗೌಡರಿಗೆ ಸೇರಿದ್ದು. ಆರೂ ಗುಂಡಿನ ಸದ್ದು ಒಂದೇ ತೂಕದವಾದರೆ ಅವತ್ತು ಅವನಿಗೆ ಹಬ್ಬ.

ಇದೆಲ್ಲ ಗುಟ್ಟಿನ ಕೆಲಸ. ಲೈಸೆನ್ಸ್ ಇದ್ದದ್ದು ಗೌಡರಿಗೆ. ಇವನು ಮದ್ದು ಮುಟ್ಟಿದ್ದು ಸರಕಾರಕ್ಕೆ ಗೊತ್ತಾದರೆ ನೇರ ಜೇಲು. ಹೆಂಡತಿ ದಾವಲಬಿ ಈ ಮಾತನ್ನು ದಿನಕ್ಕೊಮ್ಮೆ, ಊಟಕ್ಕೆ ಕುಳಿತಾಗ, ತಪ್ಪದೆ ನೆನಪಿಸುತ್ತಿದ್ದಳು.

ನಲವತ್ತಮೂರರ ಮಾನೌಮಿ ಬಂತು. ಬನ್ನಿಯ ದಿನ ಗೌಡರು ಊರ ಮುಂದೆ ಗಡಿಗೆಗಳಿಗೆ ಆರು ಗುಂಡು ಹಾರಿಸುವುದು ರೂಢಿ. ಆ ವರ್ಷ ಶಿಗ್ಗಾವಿ ಕಚೇರಿಯ ಮಾಮಲೇದಾರರೂ ನೋಡಲು ಬರುವವರಿದ್ದರು. ಹಿಂದಿನ ದಿನ ಆಯುಧಪೂಜೆಗೆಂದು ಗೌಡರ ಹೆಂಡತಿ ಸುಶೀಲವ್ವ ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ದೀಪದ ಸಮೆ, ತಂಬಿಗೆ, ಗಂಟೆ, ಆರು ಕಾಡತೂಸು. ಮೇಣದ ಜಿಡ್ಡು ಬಿಡಲಿಲ್ಲವೆಂದು ಕಾಡತೂಸುಗಳನ್ನು ಮಾತ್ರ ಮಧ್ಯಾಹ್ನದವರೆಗೆ ಬಿಸಿನೀರಲ್ಲಿ ನೆನೆಹಾಕಿದರು. ಆಮೇಲೆ ವಿಭೂತಿ ಹಚ್ಚಿ, ಹೂ ಏರಿಸಿ, ಭಕ್ತಿಯಿಂದ ಕೈಮುಗಿದರು.

ಮರುದಿನ ಮೊದಲನೆಯ ಕಾಡತೂಸು ಹೇಗೋ ಒಣಗಿತ್ತು. ಢಂ ಎಂದಿತು, ಗಡಿಗೆ ಒಡೆಯಿತು, ಜನ ಕೇಕೆ ಹಾಕಿದರು. ಎರಡನೆಯದು ಅಜ್ಜ ಕೆಮ್ಮಿದಂತೆ ಫುಸ್ ಎಂದಿತು. ಗುರಿ ತಪ್ಪಿತೆಂದು ಜನ ನಕ್ಕರು. ಗೌಡರ ಮುಖ ಕೆಂಪೇರಿತು.

ಮಕ್ತುಮಸಾಬ ಕಣ್ಣು ತೆರೆದ. ಆ ಸದ್ದಿಗೆ ಗುಂಡು ಹೊರಗೆ ಬಂದಿರಲು ಸಾಧ್ಯವಿರಲಿಲ್ಲ. ಅದು ನಳಿಗೆಯಲ್ಲೇ ಸಿಕ್ಕಿಕೊಂಡಿದೆ, ಹಿಂದಿನಿಂದ ಇನ್ನೊಂದು ಹೋಗಿ ಬಡಿದರೆ ರಿವಾಲ್ವರ್ ಗೌಡರ ಕೈಯಲ್ಲೇ ಸಿಡಿಯುತ್ತದೆ. ಹೇಳಿದರೆ ತನಗೆ ಜೇಲು, ಸುಮ್ಮನಿದ್ದರೆ ಗೌಡರ ಕೈ. ಕೂಗಿದ. ಮತ್ತೆ ಶುರುವಾದ ಹಲಗೆಯ ಬಡಿತದಲ್ಲಿ ಗೌಡರಿಗೆ ಕೇಳಲಿಲ್ಲ. ಓಡಿಹೋಗಿ ನಳಿಗೆಯ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದ.

“ಹೊಡೀಬ್ಯಾಡ್ರಿ ಗೌಡ್ರ. ಗುಂಡು ಒಳಗ ಕುಂತೈತಿ.”

ಮಾಮಲೇದಾರರು ಎದ್ದು ಬಂದರು. ಒಳಗಿದ್ದ ಕಾಡತೂಸುಗಳನ್ನು ತೆಗೆಸಿ, ನಳಿಗೆಗೆ ಕಡ್ಡಿ ಹಾಕಿಸಿದರು. ಕಡ್ಡಿ ಎರಡು ಬೆರಳು ಹೋಗಿ ನಿಂತಿತು. ಇವನ್ನು ತುಂಬಿದವರು ಯಾರು ಎಂದು ಕೇಳಿದರು. ಗೌಡರು ನಾನೇ ಎಂದುಬಿಟ್ಟರು. ಅವರ ಬಾಯಲ್ಲಿ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಮಕ್ತುಮಸಾಬನ ಜೀವ ತಿರುಗಿ ಬಂದಂತಾಯಿತು. ಮಾಮಲೇದಾರರೂ ಒಪ್ಪಿದರು. ಹೊರಡುವ ಮುಂಚೆ, ಮಾತಿಗೆಂದು, ಒಂದಕ್ಕೆ ಎಷ್ಟು ಮದ್ದು ಹಾಕುತ್ತೀರಿ ಎಂದರು.

ಗೌಡರು ಆಕಾಶ ನೋಡಿ ಯೋಚಿಸಿದರು. “ಒಂದು ಚಮಚಾ ರೀ.”

ಮಕ್ತುಮಸಾಬ ತುಟಿ ಕಚ್ಚಿ ತಡೆದುಕೊಂಡ. ದಾವಲಬಿಯನ್ನು ನೆನೆದ, ಜೇಲನ್ನು ನೆನೆದ. ಚಮಚ ಎಂಬ ಮಾತು ಮಾತ್ರ ಕಿವಿಯಿಂದ ಹೋಗಲಿಲ್ಲ.

“ಚಮಚಾ ಅಲ್ರಿ ಸಾಹೇಬ್ರ, ಏಳು ಗುಲಗಂಜಿ,” ಎಂದ. “ಚಮಚಾ ಹಾಕಿದ್ರ ಯಾರ ಕೈನೂ ಉಳಿಯಂಗಿಲ್ಲ.”

ಶಿಗ್ಗಾವಿಯ ಕಚೇರಿಯಲ್ಲಿ ಅವನನ್ನು ಹನ್ನೊಂದು ದಿನ ಕೂಡಿಹಾಕಿದರು. ಎರಡನೆಯ ದಿನ ಗೌಡರು ಬುತ್ತಿ ತಂದರು. ಅವರ ಮನೆಯಲ್ಲಿ ಮಕ್ತುಮಸಾಬನಿಗೆ ಊಟ ಯಾವಾಗಲೂ ಹೊರಗಿನ ಕಟ್ಟೆಗೆ, ಆಳಿನ ಕೈಲಿ ಬರುತ್ತಿತ್ತು. ಇಲ್ಲಿ ಗೌಡರು ಅವನೆದುರು ನೆಲಕ್ಕೆ ಕುಳಿತು, ರೊಟ್ಟಿಯ ಮೇಲೆ ತಾವೇ ಬದನೆಕಾಯಿ ಎಣ್ಣೆಗಾಯಿ ಹಾಕಿದರು.

“ಚಮಚಾ ಅನಬಾರದಿತ್ತು ನಾ,” ಎಂದರು.

“ಹೌದ್ರಿ ಗೌಡ್ರ.”

ಬಡಿಸುವ ಆ ಬಲಗೈಯನ್ನು ಮಕ್ತುಮಸಾಬ ನೋಡಿದ. ಐದೂ ಬೆರಳು ಇದ್ದವು. ಅವನ ಕಣ್ಣು ತುಂಬಿ ಬಂದವು. ಹೊಟ್ಟೆ ತುಂಬಿತ್ತು, ಆದರೂ ಇನ್ನೊಂದು ರೊಟ್ಟಿ ಕೇಳಿದ.